ಮಳೆ, ಸೈಕಲ್ಲು ಮತ್ತು ನಿಮ್ಮಿಷ್ಟ

ಡಾಟ್‌ಕಾಮ್ ಕಂಪನಿಗಳು ಪಿಜ್ಜಾ ತರಿಸಿಕೊಟ್ಟು ಹೊತ್ತುಗೊತ್ತಿಲ್ಲದೆ ಕೆಲಸ ಮಾಡಿಸುತ್ತಿದ್ದ ಕಾಲ ಅದು. ಬೆಳೆದ ಹೊಟ್ಟೆ ಕರಗಿಸಲು ನಾನೂ ಆಫೀಸಿನ ಗೆಳೆಯ, ಹಾಸನದ ನಾಗರಾಜರೂ ಶನಿವಾರ ಬೆಳಿಗ್ಗೆ, ಪರದೇಶದಲ್ಲಿ ನಾವಿದ್ದ ಕ್ಯಾಂಪ್‌ಬೆಲ್‌ನಿಂದ ಗುಡ್ಡದ ಬುಡದ ಸರಟೋಗಾಕ್ಕೆ ಸೈಕಲ್ ಹೊಡೆಯುತ್ತಿದ್ದೆವು. ಬೇಸಿಗೆಯಲ್ಲಿ ಸುಖವಾಗಿತ್ತು. ಅಲ್ಲಿ ಚಳಿಗಾಲವೇ ಮಳೆಗಾಲ; ಡಿಸೆಂಬರಿನಲ್ಲಿ ಮಳೆ ಹಿಡಿಯಿತು.

ಶುಕ್ರವಾರ ಸಂಜೆ ತಪ್ಪದೆ ಅವರ ಫೋನು ಬರುತ್ತಿತ್ತು.

"ನಾಳೆ ಮಳೆಯಂತೆ. ಏನ್ಮಾಡೋಣ?"

"ನೀವು ಹೇಗೆ ಹೇಳಿದ್ರೆ ಹಾಗೆ."

"ನಂದೇನಿಲ್ಲಪ್ಪ, ನಿಮ್ಮಿಷ್ಟ."

ಬೇಡ ಅನ್ನುವ ಮಾತು ಯಾರ ಬಾಯಿಂದಲೂ ಮೊದಲು ಬರುತ್ತಿರಲಿಲ್ಲ. ಹಾಗಾಗಿ ಮರುದಿನ ಇಬ್ಬರೂ ಶೂ ಮೇಲೆ ಗ್ರೋಸರಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೂಗು ಸೋರಿಸಿಕೊಂಡು ಏರು ಹತ್ತುತ್ತಿದ್ದೆವು.

ಸಂಕ್ರಾಂತಿಗೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಎಳ್ಳುಬೆಲ್ಲ ಕೊಡುತ್ತಾ, "ಮಳೇಲಿ ಸೈಕಲ್ ಅಂದ್ರೆ ಇವರಿಗೆ ಆಗಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಬರ್ತಾರೆ," ಎಂದರು.

"ನಮ್ಮನೇಲೂ ಅದೇ ಕಥೆ," ಎಂದು ನನ್ನ ಹೆಂಡತಿ ನಕ್ಕಳು.

ನಾಗರಾಜರು ನನ್ನ ಮುಖ ನೋಡದೆ ಎಳ್ಳು ಜಗಿದರು. ಕೊನೆಗೆ, ಮಳೆ ಬಂದರೆ ರಜಾ ಎಂದು ಇಬ್ಬರೂ ಒಪ್ಪಿಕೊಂಡೆವು. ಮನಸ್ಸು ಹಗುರವಾಯಿತು.

ಮುಂದಿನ ಶನಿವಾರ ಧೋ ಎಂದು ಸುರಿಯುತ್ತಿತ್ತು. ನೆಮ್ಮದಿಯಾಗಿ ಕಾಫಿ ಕುಡಿಯುತ್ತಾ ಕೂತಿದ್ದವನು, ಯಾಕೋ ಮನಸ್ಸು ತಡೆಯದೆ, ನಾವು ಸೇರುವ ಮೂಲೆಗೆ ಸೈಕಲ್ಲಿನಲ್ಲೇ ಹೋದೆ. ನಾಗರಾಜರು ಶೂಗೆ ಚೀಲ ಕಟ್ಟಿಕೊಂಡು ಆಗಲೇ ನಿಂತಿದ್ದರು.

"ನೀವೆಲ್ಲಾದ್ರೂ ಮರೆತು ಬಂದುಬಿಟ್ರೆ ಒಬ್ಬರೇ ಆಗ್ತೀರಲ್ಲ ಅಂತ ಬಂದೆ," ಎಂದರು.

ನಾನೂ ಅದಕ್ಕೇ ಬಂದಿದ್ದೆ. ಹೇಗೂ ಇಬ್ಬರೂ ನೆನೆದಾಗಿತ್ತು.

"ಹೋಗೋಣ್ವಾ?" ಎಂದೆ.

"ನಿಮ್ಮಿಷ್ಟ," ಎಂದರು.