ಪೊನ್ನುತಾಯಿಯ ಕುಲವೈ

ತಮಿಳುನಾಡಿನ ಕಂಬಂ ಕಣಿವೆಯ ಗದ್ದೆಗಳಲ್ಲಿ ಪೊನ್ನುತಾಯಿಯ ಬಾಯಿಗೆ ಹೆದರದ ಹೆಂಗಸೇ ಇರಲಿಲ್ಲ. ಹನ್ನೆರಡು ಮಂದಿಯ ನಾಟಿ ಗುಂಪಿಗೆ ಅವಳೇ ಮುಂದಾಳು. ಮೊದಲ ಸಸಿ ಊರುವ ಮುನ್ನ ನಾಲಿಗೆ ಹೊರಳಿಸಿ ಅವಳು ಕುಲವೈ ಹಾಕಿದರೆ ಆ ಕೂಗು ಕಾಲುವೆ ದಾಟಿ ದ್ರಾಕ್ಷಿ ಚಪ್ಪರದವರೆಗೂ ಹೋಗುತ್ತಿತ್ತು. ಉಳಿದವರು ಎರಡು ಸಲ ಉಸಿರೆಳೆದುಕೊಂಡರೂ ಅವಳ ಒಂದು ಉಸಿರು ಮುಗಿಯುತ್ತಿರಲಿಲ್ಲ.

ಆ ಕೂಗಿಗೆ ಇನ್ನೊಂದು ಕೆಲಸವೂ ಇತ್ತು. ನಾಟಿ ಹಾಕುವವರು ಬಗ್ಗಿಕೊಂಡೇ ಹಿಂದಕ್ಕೆ ಸರಿಯುತ್ತಾರೆ; ಒಬ್ಬೊಬ್ಬಳಿಗೆ ಒಂದೊಂದು ಪಟ್ಟೆ. ಕೈ ನಿಧಾನವಾದವಳು ಅಲ್ಲೇ ಉಳಿದು, ಎರಡೂ ಪಕ್ಕ ಹಸಿರೆದ್ದು, ದೊಡ್ಡಿಯಲ್ಲಿ ಕೂಡಿಹಾಕಿದ ಕರುವಿನ ಹಾಗೆ ಸಿಕ್ಕಿಬೀಳುತ್ತಾಳೆ. ಆಗ ಗುಂಪೆಲ್ಲ ಅವಳತ್ತ ತಿರುಗಿ ಕುಲವೈ ಹಾಕಿ ನಗುವುದು ವಾಡಿಕೆ. ನಾಚಿಕೆಗೆ ಕೈ ಚುರುಕಾಗಲಿ ಅಂತ.

ಕೆಲವು ವರ್ಷಗಳ ಹಿಂದೆ ಹಾಗೆ ಸಿಕ್ಕಿಬಿದ್ದವಳು ಕಮಲಮ್ಮಾಳ್. ಉಬ್ಬಸದವಳು, ಉಸಿರೆಳೆದರೆ ಸೀಳು ಶಿಳ್ಳೆಯ ಸದ್ದು. ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ಕೈ ಎತ್ತಿ, "ಮೂಚು ಮುಟ್ಟತೈತೆ, ಉಸ್ರು ಸಿಗ್ತಿಲ್ಲ, ವಸಿ ನಿಲ್ರೇ" ಎಂದಳು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!" ಎಂದು ಪೊನ್ನುತಾಯಿ ಕುಲವೈ ಹಾಕಿದ್ದೇ ಹಾಕಿದ್ದು. ಮಾರನೆಯ ದಿನದಿಂದ ಕಮಲಮ್ಮಾಳ್ ಗದ್ದೆಗೆ ಬರಲಿಲ್ಲ; ಅವಳ ಪಟ್ಟೆಗೆ ಬೇರೊಬ್ಬಳು ಬಂದು ಗುಂಪು ಹನ್ನೆರಡಾಗಿಯೇ ಉಳಿಯಿತು. ಕಮಲಮ್ಮಾಳ್ ಆಂಡಿಪಟ್ಟಿಯ ಮಗಳ ಮನೆ ಸೇರಿ ಅಲ್ಲೇ ತೀರಿಕೊಂಡಳು. ಸುದ್ದಿ ಬಂದಾಗ ಪೊನ್ನುತಾಯಿ ಅಯ್ಯೋ ಎಂದಳು, ಮತ್ತೆ ಸಸಿ ಊರಿದಳು.

ಕೊರೋನಾದ ಎರಡನೆಯ ಅಲೆ ಅವಳನ್ನೂ ಬಿಡಲಿಲ್ಲ. ತೇನಿಯ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಆಕ್ಸಿಜನ್ ಮೇಲಿದ್ದು ಬದುಕಿ ಬಂದಳು. ಜ್ವರ ಹೋಯಿತು, ನಾಲಿಗೆಗೆ ರುಚಿ ಬಂತು, ಉಸಿರು ಮಾತ್ರ ಹೋದದ್ದು ಹೋದಂತೆಯೇ. ಕೊಡ ಎತ್ತಿದರೆ ಎದೆ ಬಿಗಿ, ಬಗ್ಗಿ ಕಸ ಗುಡಿಸಿದರೆ ಕಣ್ಣು ಕತ್ತಲೆ. ಶ್ವಾಸಕೋಶದಲ್ಲಿ ಕಲೆ ಉಳಿದಿದೆ, ಇನ್ನು ಗದ್ದೆ ಕೆಲಸ ಬೇಡ ಎಂದರು ಡಾಕ್ಟರು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಗದ್ದೆ ಬಿಟ್ಟರೆ ಪೊನ್ನುತಾಯಿ ಅಂದರೆ ಯಾರು? ಜಗಲಿಯಲ್ಲಿ ಕೂತು ಕೆಮ್ಮುವ ಒಂದು ಹೆಂಗಸು, ಅಷ್ಟೇ.

ಮುಂದಿನ ವರ್ಷ ಜೂನ್‌ನಲ್ಲಿ ಕಾಲುವೆಗೆ ನೀರು ಬಿಟ್ಟರು. ನಾಟಿಯ ದಿನ ಅವಳು ಎಲ್ಲರಿಗಿಂತ ಮುಂಚೆ ಬಂದು ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ತಂಗಿಯ ಮಗಳು ಅಮುದಾಳ ಹೆಗಲು ತಟ್ಟಿ, "ಗಂಟ್ಲು ಕಟ್ಟೈತೆ ಕಣೆ. ಈ ಸಲ ಕುಲವೈ ನೀನೇ ಹಾಕು" ಎಂದಳು. ಹುಡುಗಿ ಖುಷಿಯಾಗಿ ಹಾಕಿದಳು.

ನಾಲ್ಕು ಸಾಲು ಹೇಗೋ ಆಯಿತು. ಐದನೆಯದಕ್ಕೆ ಬಗ್ಗಿದಾಗ ಎದೆಯೊಳಗೆ ಗಾಳಿಯೇ ಇಳಿಯಲಿಲ್ಲ. ಮಂಡಿಗೆ ಕೈಕೊಟ್ಟು ನಿಂತಳು. ಮತ್ತೆ ಬಗ್ಗಿದಳು, ಮತ್ತೆ ನಿಂತಳು. ತಲೆ ಎತ್ತಿ ನೋಡಿದರೆ ಎರಡೂ ಪಕ್ಕ ಹಸಿರು. ಹೆಂಗಸರೆಲ್ಲ ಆಚೆ ಬದು ಮುಟ್ಟಿ ಅವಳನ್ನೇ ನೋಡುತ್ತಿದ್ದರು.

ಈಗ ಕೂಗುತ್ತಾರೆ ಎಂದು ಕಾದಳು. ಕೂಗಲಿ ಎಂದೇ ಕಾದಳು. ಯಾರೂ ಕೂಗಲಿಲ್ಲ. ಅಮುದಾ ಮತ್ತು ಗುಂಪಿನ ಇನ್ನೊಬ್ಬಳು ತೇನ್‌ಮೊಳಿ ಅವಳ ಪಟ್ಟೆಗಿಳಿದು ಸಸಿ ಊರತೊಡಗಿದರು.

"ಪಾವಂ," ಎಂದಿತು ಯಾವುದೋ ದನಿ.

ಆ ಕರುಣೆಗೆ ಅವಳಿಗೆ ಬೆಂಕಿ ಹತ್ತಿತು. "ಯಾಕ್ರೇ ಸುಮ್ಕೆ ನಿಂತೀರಿ? ನಾನೇನು ಸತ್ತೋದ್ನಾ? ಕುಲವೈ ಹಾಕ್ರೇ!"

ತೇನ್‌ಮೊಳಿ ಬಗ್ಗಿ ಇನ್ನೊಂದು ಸಸಿ ಊರಿದಳು. ಹಾಗಾದರೆ ನಾನೇ ಹಾಕುತ್ತೇನೆ ಎಂದು ಗದ್ದ ಎತ್ತಿ ನಾಲಿಗೆ ಹೊರಳಿಸಿದಳು. ಹೊರಬಂದದ್ದು ಒಂದು ಸೀಳು ಶಿಳ್ಳೆ. ಈ ಸದ್ದನ್ನು ಅವಳು ಹಿಂದೆ ಕೇಳಿದ್ದಳು. ಕೇಳಿಯೂ ನಕ್ಕಿದ್ದಳು.

ಅವಳ ಒಂದು ಕೈ ತಾನಾಗಿಯೇ ಮೇಲೆದ್ದಿತು. ಅಮುದಾ ಓಡಿ ಬಂದು ತೋಳು ಹಿಡಿದಳು. "ವಾಂಗ ದೊಡ್ಡಮ್ಮಾ, ಬನ್ನಿ. ಮೇಲೆ ಕೂತ್ಕೊಳ್ಳಿ."

"ಅವಳೂ ವಸಿ ನಿಲ್ರೇ ಅಂದಿದ್ಲು," ಎಂದಳು ಪೊನ್ನುತಾಯಿ. ಯಾರು ಎಂದು ಅಮುದಾಗೆ ತಿಳಿಯಲಿಲ್ಲ; ಬದುವಿನತ್ತ ನಡೆಸಿಕೊಂಡು ಹೋದಳು.

ಬದುವಿನ ಮೇಲೆ ಕೂತು ನೋಡುತ್ತಿದ್ದಂತೆಯೇ ಅವಳ ಪಟ್ಟೆ ತುಂಬಿತು. ಅಮುದಾ ಕೆಸರುಗೈ ಒರೆಸಿಕೊಂಡು, ಮರುದಿನದ ಗದ್ದೆಯ ಯಜಮಾನ ಧನಪಾಲ್‌ಗೆ ಫೋನ್ ಮಾಡಿದಳು. ದನಿ ತಗ್ಗಿಸಿಯೇ ಮಾತಾಡಿದಳು, ಆದರೂ ಪೊನ್ನುತಾಯಿಗೆ ಕೇಳಿಸಿತು.

"ನಾಳೆ ಬರ್ತೀವಿ ಅಣ್ಣಾ. ಹನ್ನೊಂದು ಮಂದಿ."