ಆಣೆಗೆ ಇನ್ಶುರೆನ್ಸ್ ಇಲ್ಲ

ಅವರ ಬಲಗೈ ಹೆಬ್ಬೆರಳಿನ ಉಗುರು ಹುಣಸೆ ಬೀಜದ ಹಾಗೆ ಕಪ್ಪಗಿತ್ತು. ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ಹಬ್ಬ ಬಂದರೆ ಉಳಿದ ಉಗುರುಗಳಿಗೆಲ್ಲ ಮೆಹಂದಿ ಹಚ್ಚುತ್ತಿದ್ದರು, ಇದೊಂದಕ್ಕೆ ಇಲ್ಲ. ಸಿಗ್ನಲಿನಲ್ಲಿ ಕಾರು ನಿಂತಾಗ ಆ ಬೆರಳಿನಿಂದಲೇ ಸ್ಟೇರಿಂಗಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ಆ ಟಕ್ ಟಕ್ ಜೋರಾಗುತ್ತಿತ್ತು.

ಶಾರ್ಜಾದಲ್ಲಿ ನಮ್ಮ ಎದುರು ಮನೆ ಅವರದು. ಅವರ ಊರು ಭಟ್ಕಳ, ನನ್ನದು ಹಳದೀಪುರ. ನನ್ನ ತಾಯಿಯ ವಯಸ್ಸಿನವರು. ನಾನು ಖಾಲಾ ಎಂದು ಕರೆಯುತ್ತಿದ್ದೆ, ಅವರ ಮಾತಿನಲ್ಲಿ ಚಿಕ್ಕಮ್ಮ ಎಂದ ಹಾಗೆ. ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ನಾನು ಸೋಮವಾರ ಮೀನು ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಆ ದಿನ ನಮ್ಮ ಮನೆಗೆ ಬರುವಾಗ ಕೈ ತೊಳೆದೇ ಬರುವರು. ಪರದೇಶದಲ್ಲಿ ಇಂಥ ಎದುರು ಮನೆ ಸಿಕ್ಕಿದ್ದು ದೇವರ ದಯೆ. ಸಣ್ಣ ದಯೆಯಲ್ಲ.

ಆ ಉಗುರಿನ ಕಥೆ ಅವರೇ ಹೇಳಿದ್ದು. ಮದುವೆಯಾದ ಹೊಸತರಲ್ಲಿ, ಭಟ್ಕಳದ ಮನೆಯಂಗಳದಲ್ಲಿ, ತಾನೂ ಗಾಡಿ ಕಲಿಯುತ್ತೇನೆಂದು ಮುಂದಿನ ಬಾಗಿಲಿಗೆ ಕೈ ಹಾಕಿದ್ದರಂತೆ. ಗಂಡನ ತಮ್ಮ "ಹೆಂಗಸ್ರ ಜಾಗ ಹಿಂದೆ, ಭಾಭಿ" ಎಂದು ನಗುತ್ತ ಬಾಗಿಲು ಬಡಿದ. ಬೆರಳು ಒಳಗೆ ಸಿಕ್ಕಿಕೊಂಡಿತು.

"ಆಮೇಲೆ ಕ್ಷಮಿಸಿದ್ರಾ?" ಎಂದು ಕೇಳಿದ್ದೆ.

"ಮಾಫಿ ಕೊಡೂದು ಅಲ್ಲಾಹನ ಕೆಲಸ. ನಂಗೆ ಎಂತಕೆ ಅದು? ನಾ ಗಾಡಿ ಕಲ್ತೆ. ಆಮೇಲೆ ಅವ ಸಾಯೂವರೆಗೆ ನನ್ನ ಗಾಡಿಯಲ್ಲಿ ಮುಂದೆ ಕೂರ್ಲಿಕ್ಕೆ ಬಿಡ್ಲಿಲ್ಲ. ಕಾಲು ನೋವು ಅಂದ್ರೂ ಹಿಂದೆ. ಆಸ್ಪತ್ರೆಗೆ ಹೋಗುವಾಗ್ಲೂ ಹಿಂದೆ. ಒಯ್ದದ್ದು ಮಾತ್ರ ನಾನೇ, ಹಾಂ!"

ಇಂಥವರಿಂದ ನಾನು ಕಾರಿನ ಇನ್ಶುರೆನ್ಸ್ ಎಂದರೆ ಏನೆಂದು ಕಲಿತೆ.

ನಮ್ಮ ಮನೆಯವರಿಗೆ ಸಮುದ್ರದ ನಡುವೆ ಎಣ್ಣೆ ಬಾವಿಯಲ್ಲಿ ಕೆಲಸ. ಹೋದರೆ ವಾರಗಟ್ಟಲೆ ಮನೆಗಿಲ್ಲ. ಮಗಳಿಗೆ ಉಬ್ಬಸ. ಯಾವ ಹೊತ್ತಿಗೆ ಆಸ್ಪತ್ರೆಗೆ ಓಡಬೇಕಾಗುವುದೋ ಹೇಳಲಾಗದು. ಅದಕ್ಕಾಗಿ ನಾನು ಗಾಡಿ ಕಲಿತದ್ದು, ಶೋಕಿಗಲ್ಲ. ಹೊಸ ಕಾರಿಗೆ ಊರಿನಿಂದ ತಂದ ಧಾರೇಶ್ವರನ ಪ್ರಸಾದದ ದಾರ ಕಟ್ಟಿದೆ, ಲಿಂಬೆಹಣ್ಣು ಗಾಲಿಗಿಟ್ಟೆ. ಇನ್ಶುರೆನ್ಸ್ ಕೂಡ ಅಂಥದ್ದೇ ಒಂದು ವಾಹನಪೂಜೆ, ವರ್ಷಕ್ಕೊಮ್ಮೆ ಮಾಡಿಸಿದರೆ ಆಯಿತು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ತರಕಾರಿಗೆಂದು ಅಂಗಡಿಯ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದ್ದೆ. ಇನ್ನೂ ಇಳಿದಿರಲಿಲ್ಲ. ಒಂದು ಕಾರು ಹಿಂದಕ್ಕೆ ಬಂದು ನನ್ನ ಗಾಡಿಯ ಹಿಂದಿನ ಬಾಗಿಲಿಗೆ ಗುದ್ದಿತು. ಮಗಳು ದಿನಾ ಕೂರುವ ಬದಿ ಅದು. ಅವಳು ಶಾಲೆಯಲ್ಲಿದ್ದಳಲ್ಲ, ಅದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

"ಅಯ್ಯೋ ದೇವ್ರೇ" ಎಂದು ನಾನು ಕೂಗಿದ್ದು ಕೇಳಿ ಇಳಿದು ಬಂದ ಗಂಡಸಿನ ಮುಖ ಅರಳಿತು.

"ನೀವು ನಮ್ಮ ಬದಿಯವ್ರಾ ಅಕ್ಕಾ? ಯಾವೂರು?"

"ಹಳದೀಪುರ."

"ಹೋ! ನಂದು ಹೊನ್ನಾವರ. ಬಸ್‌ಸ್ಟ್ಯಾಂಡಿನ ಹತ್ರ ಬಳೆ ಅಂಗಡಿ ಉಂಟಲ್ಲ, ಅದು ನಮ್ಮ ಅಮ್ಮಂದೇ. ನೀವೂ ಬಳೆ ಇಟ್ಟುಕೊಂಡಿರ್ಬೇಕು ನೋಡಿ ಅಲ್ಲಿ."

ಇಟ್ಟುಕೊಂಡಿದ್ದೆ. ನನ್ನ ಮದುವೆಯ ಹಸಿರು ಬಳೆ ಅಲ್ಲಿಯದೇ. ನಾನು ಪೊಲೀಸರಿಗೆ ಫೋನ್ ಮಾಡಲು ಹೊರಟಾಗ ಅವನು ಕೈ ಅಡ್ಡ ಹಿಡಿದ.

"ಪೊಲೀಸ್ ಎಂತಕೆ ಅಕ್ಕಾ? ಊರವರು ಊರವರು ಮಾತಾಡಿಕೊಂಡ್ರೆ ಆತು. ತಪ್ಪು ನಂದೇ. ಧಾರೇಶ್ವರನಾಣೆ, ನಾಳೆ ನಾನೇ ನಿಮ್ಮ ಗಾಡಿ ಗ್ಯಾರೇಜಿಗೆ ಒಯ್ತೆ."

ನಮ್ಮ ಕಡೆ ಗಾಡಿ ತಾಗಿದರೆ ರಸ್ತೆಯಲ್ಲೇ ಪಂಚಾಯ್ತಿ. ಅದರ ಮೇಲೆ ದೇವರ ಆಣೆ ಬಿದ್ದರೆ ಇನ್ನೇನು ಬೇಕು? ನನ್ನ ನಂಬರು ಕೊಟ್ಟು ಅವನದನ್ನೂ ತೆಗೆದುಕೊಂಡೆ. ಗ್ಯಾರೇಜಿನವನಿಗೆ ತೋರಿಸಬೇಕು ಎಂದು ನನ್ನ ಗಾಡಿಯ ಫೋಟೋ ತೆಗೆದುಕೊಂಡ. ನಾನು ಮನೆಗೆ ಬಂದು ಬಾಳೆಕಾಯಿ ಪಲ್ಯ ಮಾಡಿದೆ.

ಸಂಜೆ ಪೊಲೀಸರ ಫೋನ್. ನಾನು ಒಬ್ಬರ ಕಾರಿಗೆ ಗುದ್ದಿ ಓಡಿಹೋದವಳಂತೆ. ದೂರು ಕೊಟ್ಟವನು ಅವನೇ. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನಮ್ಮ ಮನೆಯವರು ಸಮುದ್ರದ ನಡುವಿನಿಂದ ಫೋನಿನಲ್ಲೇ ಕೂಗಾಡಿದರು. "ಗಾಡಿ ಕೀಲಿ ಒಳಗಿಡು. ಲೈಸೆನ್ಸ್ ಹೋಯ್ತು ಅಂದ್ಕೊ. ಇನ್ನು ನೀನು ಸ್ಟೇರಿಂಗ್ ಮುಟ್ಟೂದು ಬೇಡ." ಹಾಗಾದರೆ ಮಗಳಿಗೆ ಉಸಿರು ಕಟ್ಟಿದ ದಿನ ಏನು ಮಾಡುವುದು ಎಂದು ಕೇಳಿದೆ. ಅವರು ಫೋನ್ ಇಟ್ಟುಬಿಟ್ಟರು.

ಅಳುತ್ತ ಎದುರು ಮನೆಗೆ ಹೋದೆ. ಖಾಲಾ ಈರುಳ್ಳಿ ಹೆಚ್ಚುತ್ತಿದ್ದರು. ಪೂರ್ತಿ ಕೇಳಿದರು, ಸಮಾಧಾನದ ಒಂದು ಮಾತೂ ಹೇಳಲಿಲ್ಲ.

"ಜಾಗ ಬಿಟ್ಟು ಯಾಕೆ ಬಂದೆ? ಇಲ್ಲಿ ಪೊಲೀಸ್ ಚೀಟಿ ಇಲ್ದೆ ಯಾವ ಗ್ಯಾರೇಜಿನವ್ನೂ ಗಾಡಿ ಮುಟ್ಟೂದಿಲ್ಲ. ತಪ್ಪು ಇದ್ದವ್ರಿಗೆ ಕೆಂಪು ಚೀಟಿ, ಇಲ್ದವ್ರಿಗೆ ಹಸಿರು. ಕೆಂಪು ಚೀಟಿ ಯಾರ ಕೈಗೆ ಬರ್ತದೋ ಅವರ ಇನ್ಶುರೆನ್ಸ್ ಎದುರಿನವ್ರ ಗಾಡಿಗೆ ಮದ್ದು ಮಾಡ್ಬೇಕು."

"ಅವ್ನಿಗೂ ಇನ್ಶುರೆನ್ಸ್ ಇರ್ಬೇಕಲ್ಲ ಖಾಲಾ? ಸುಳ್ಳು ಎಂತಕೆ ಹೇಳಿದ?"

ಅವರು ಒಂದು ಈರುಳ್ಳಿಯನ್ನು ನನ್ನ ಮುಂದೆ, ಇನ್ನೊಂದನ್ನು ತಮ್ಮ ಮುಂದೆ ಇಟ್ಟರು. "ಇದು ನಿನ್ನ ಗಾಡಿ, ಇದು ನಂದು. ಇನ್ಶುರೆನ್ಸಿನಲ್ಲಿ ಎರಡು ಜಾತಿ. ಫುಲ್ ಅಂದ್ರೆ ತಪ್ಪು ನಂದಾದ್ರೂ ಎರಡೂ ರಿಪೇರಿ. ಥರ್ಡ್ ಪಾರ್ಟಿ ಅಂದ್ರೆ ತಪ್ಪು ನಂದಾದ್ರೆ ನಿಂದು ಮಾತ್ರ ರಿಪೇರಿ, ನಂದು ಹಾಗೇ ಜಜ್ಜಿಕೊಂಡು ಬಿದ್ದಿರ್ಬೇಕು. ಅವಂದು ಥರ್ಡ್ ಪಾರ್ಟಿ. ಬರೆದಿಟ್ಕೊ. ಅವನ ಗಾಡಿ ರಿಪೇರಿ ಆಗ್ಬೇಕಾದ್ರೆ ತಪ್ಪು ನಿಂದಾಗ್ಬೇಕು. ಗೊತ್ತಾಯ್ತಾ? ಇನ್ಶುರೆನ್ಸ್ ಅಂದ್ರೆ ತಾಯಿತ ಅಲ್ಲ ಬೇಟಿ, ಕಟ್ಟಿಕೊಂಡು ಮರೀಲಿಕ್ಕೆ. ಬಾಯಿ ಬಿಟ್ಟು ಹೇಳ್ಬೇಕು, ಆಗಿಂದಾಗ, ಅಲ್ಲೇ ನಿಂತು."

ಆಗ ನನ್ನ ಅಳು ನಿಂತಿತು. ಅಲ್ಲಿಯವರೆಗೆ ನನಗೆ ಭಯವಿತ್ತು. ಲೆಕ್ಕ ತಿಳಿದ ಮೇಲೆ ಭಯದ ಜಾಗದಲ್ಲಿ ಉರಿ ಬಂತು. ಬಳೆಯ ನೆನಪು, ದೇವರ ಹೆಸರು, ನಮ್ಮ ಭಾಷೆ, ಎಲ್ಲವನ್ನೂ ಅವನು ಒಂದು ಜಜ್ಜಿದ ಬಂಪರಿಗಾಗಿ ಉಪಯೋಗಿಸಿದ್ದ.

"ಅವ ಹಾಳಾಗ್ಬೇಕು ಖಾಲಾ" ಎಂದೆ.

"ಶಾಪ ಹಾಕ್ಬೇಡ, ಸುಮ್ನೆ ಬಾಯಿ ಒಣಗ್ತದೆ. ಅವನ ಅಮ್ಮಂದು ಬಳೆ ಅಂಗಡಿ ಅಂದ್ಯಲ್ಲ?" ಬೆರಳು ಮಣೆಯ ಮೇಲೆ ಟಕ್ ಟಕ್ ಎನ್ನತೊಡಗಿತು.

ಭಟ್ಕಳದಿಂದ ಕುಮಟೆಯವರೆಗೆ ಮದುವೆಮನೆಗಳ ಬಳೆ ವಿಷಯ ಖಾಲಾಗೆ ಗೊತ್ತಿಲ್ಲದ್ದಲ್ಲ. ಊರಲ್ಲಿದ್ದ ಅವರ ತಂಗಿ ಆ ಅಂಗಡಿಗೆ ಹೋಗಿ ಅವನ ತಾಯಿಯ ನಂಬರು ಕಳಿಸಿದರು. ಖಾಲಾ ಆ ತಾಯಿಯ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಅವನಿಗೆ ಫೋನ್ ಮಾಡಿದರು, ದನಿಯಲ್ಲಿ ಜೇನು ಸುರಿಸಿಕೊಂಡು. "ಎದುರು ಮನೆ ಹುಡುಗಿ ಹೆದರಿ ಅರ್ಧ ಆಗಿದೆ ಮಗಾ. ತಪ್ಪು ಒಪ್ತದಂತೆ. ಸ್ಟೇಷನ್ನಿಗೆ ಹೋಗೂದಕ್ಕೆ ಮೊದ್ಲು ಭಾನುವಾರ ಊಟಕ್ಕೆ ಬಾ. ಊರವರು ಊರವರು ಕೂತು ಮುಗಿಸುವ."

ಬಂದ. ಹೊಸ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಇಸ್ವಣ ಮೀನು ಹುರಿಯುವ ಪರಿಮಳ ಬಾಗಿಲಿನವರೆಗೂ ಬರುತ್ತಿತ್ತು. ತಟ್ಟೆಯ ಮುಂದೆ ಕೂತ. ಖಾಲಾ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಅವನ ಎದುರಿಗಿಟ್ಟರು. ಅದರಲ್ಲಿ ಅವನ ತಾಯಿ, ಹಿಂದೆ ಸಾಲಾಗಿ ತೂಗುವ ಬಳೆಗಳು.

"ಅಮ್ಮಾ?" ಎಂದ.

ನಾನು ಗಾಡಿಗೆ ಕಟ್ಟಿದ್ದ ಪ್ರಸಾದದ ದಾರವನ್ನು ಬಿಚ್ಚಿ ತಂದಿದ್ದೆ. ತಟ್ಟೆಯ ಪಕ್ಕದಲ್ಲಿಟ್ಟೆ.

"ಅದನ್ನ ಮುಟ್ಟು ಮಗಾ" ಎಂದರು ಅವನ ತಾಯಿ. "ಮುಟ್ಟಿಕೊಂಡು ಹೇಳು. ಇವ್ಳೇ ಬಂದು ನಿಂಗೆ ತಾಗಿಸಿದ್ದು ಹೌದನಾ?"

ಅವನು ದಾರ ನೋಡಿದ, ಮೀನಿನ ಪಾತ್ರೆ ನೋಡಿದ, ಫೋನು ನೋಡಲಿಲ್ಲ.

"ಎಂತ, ನಾಲಿಗೆ ಬಿದ್ದೋಯ್ತ? ಪಾರ್ಕಿಂಗಲ್ಲಿ ಚೆನ್ನಾಗಿ ಆಣೆ ಹಾಕಿದ್ಯಂತೆ!"

"ತಪ್ಪಾತು ಅಮ್ಮಾ."

"ನಂಗೆ ಎಂತಕೆ ಹೇಳ್ತೆ? ಎದುರಿಗೆ ಕೂತವ್ಳಿಗೆ ಹೇಳು. ಪೊಲೀಸ್ರಿಗೆ ಹೇಳು."

ಅವನು ತಟ್ಟೆಯ ಕಡೆ ಕೈ ಚಾಚಿದ. ಖಾಲಾ ತಟ್ಟೆ ಎಳೆದುಕೊಂಡರು. "ನಿನ್ನ ಊಟ ಸ್ಟೇಷನ್ನಿಂದ ಬಂದ ಮೇಲೆ."

ಖಾಲಾನೇ ಗಾಡಿ ಓಡಿಸಿದರು. ನಾನು ಅವರ ಪಕ್ಕ ಕೂತೆ. ಅವನು ಹಿಂದಿನ ಸೀಟಿನಲ್ಲಿ. ಪೊಲೀಸರು ಅವನಿಗೆ ಚೆನ್ನಾಗಿ ಬೈದರು, ಜಾಗ ಬಿಟ್ಟು ಬಂದದ್ದಕ್ಕೆ ನನಗೂ ಬೈದು ದಂಡ ಹಾಕಿದರು. ಲೈಸೆನ್ಸ್ ಉಳಿಯಿತು. ಕೆಂಪು ಚೀಟಿ ಅವನ ಕೈಗೆ, ಹಸಿರು ನನ್ನ ಕೈಗೆ ಬಂತು. ಅವನದು ಥರ್ಡ್ ಪಾರ್ಟಿಯೇ ಆಗಿತ್ತು. ನನ್ನ ಗಾಡಿಗೆ ಹೊಸ ಬಾಗಿಲು ಬಂತು, ಅವನದು ಜಜ್ಜಿದ ಬಂಪರಿನಲ್ಲೇ ಓಡಾಡಿತು. ಎಲ್ಲಾದರೂ ಆ ಬಂಪರು ಕಂಡರೆ ನನಗೆ ಹಬ್ಬದ ದಿನದಷ್ಟು ಸಂತೋಷವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಆ ದಿನ ಅವನು ಸ್ಟೇಷನ್ನಿನಿಂದಲೇ ಹೊರಟುಹೋದ. ಅವನ ಪಾಲಿನ ಇಸ್ವಣವನ್ನೂ ನಾನೇ ತಿಂದೆ. ಮುಂದಿನ ತಿಂಗಳು ಮಗಳಿಗೆ ಉಸಿರು ಕಟ್ಟಿದಾಗ ನಾನೇ ಗಾಡಿ ಓಡಿಸಿ ಆಸ್ಪತ್ರೆಗೆ ಮುಟ್ಟಿಸಿದೆ. ನಮ್ಮ ಮನೆಯವರು ಕೀಲಿಯ ಮಾತು ಮತ್ತೆ ಎತ್ತಲಿಲ್ಲ.

ನಾನು ಮುಗಿಯಿತು ಎಂದುಕೊಂಡರೂ ಖಾಲಾ ಹಾಗೆಂದುಕೊಳ್ಳಲಿಲ್ಲ. "ಗಾಡಿ ಲೆಕ್ಕ ಆಯ್ತು. ನಿನ್ನ ದೇವರ ಹೆಸರು ಹೇಳಿ ಸುಳ್ಳಾಡಿದ್ನಲ್ಲ, ಅದರದ್ದು? ಆಣೆಗೆ ಇನ್ಶುರೆನ್ಸ್ ಇಲ್ಲ ಬೇಟಿ." ದೇವರ ಮೇಲೆ ಆಣೆಯಿಟ್ಟು ತಪ್ಪಿದವರು ನಮ್ಮಲ್ಲಿ ತಪ್ಪುಕಾಣಿಕೆ ಹಾಕಬೇಕು ಎಂದು ನಾನೇ ಅವರಿಗೆ ಹೇಳಿದ್ದೆ. ಅದನ್ನು ಅವರು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ನಾವಿಬ್ಬರೂ ಊರಿಗೆ ಮರಳಿದ ಮೇಲೆ ಅವರು ಭಟ್ಕಳದಿಂದ ಕುಮಟೆಯ ಡಾಕ್ಟರ ಬಳಿ ಹೋಗುವಾಗೆಲ್ಲ ಹಳದೀಪುರದಲ್ಲಿ ನನ್ನನ್ನು ಹತ್ತಿಸಿಕೊಳ್ಳುವರು. ದಾರಿಯಲ್ಲಿ ಧಾರೇಶ್ವರದ ದೇವಸ್ಥಾನದೆದುರು ಗಾಡಿ ನಿಲ್ಲಿಸಿ ತಾವು ಗಾಡಿಯೊಳಗೇ ಕೂತು ಹೇಳುವರು: "ಹೋಗು, ಭಟ್ರ ಹತ್ರ ಕೇಳ್ಕೊಂಡು ಬಾ. ಬಂದಿದ್ನಾ?"

ಅವನ ತಾಯಿ ಮಗನ ಪರವಾಗಿ ಕಾಣಿಕೆ ತಂದಿದ್ದರಂತೆ. ತಪ್ಪು ಮಾಡಿದವನೇ ಬರಬೇಕೆಂದು ಭಟ್ಟರು ತಿರುಗಿ ಕಳಿಸಿದ್ದರು. ಅವನು ಮಾತ್ರ ಬಂದಿರಲಿಲ್ಲ.

"ಇಲ್ವಂತೆ ಖಾಲಾ."

ಟಕ್ ಟಕ್. "ಬರ್ತಾನೆ. ನಾವು ಕಾಯುವ."

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನೇ ಗಾಡಿ ತೆಗೆದುಕೊಂಡು ಭಟ್ಕಳಕ್ಕೆ ಹೋದೆ. ಹೆಂಗಸರ ಕೋಣೆಯಲ್ಲಿ ಮುಖ ತೋರಿಸಿದರು. ಯಾರೋ ಮಲ್ಲಿಗೆ ತಂದಿದ್ದರು. ಆ ಬೆರಳನ್ನೊಮ್ಮೆ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಅದು ಬಿಳಿ ಬಟ್ಟೆಯ ಒಳಗಿತ್ತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಮರುದಿನ ಬೆಳಿಗ್ಗೆ ಧಾರೇಶ್ವರಕ್ಕೆ ಹೋಗಿ ಅವರ ಹೆಸರಿನಲ್ಲಿ ದೀಪ ಹಚ್ಚಿಸಿದೆ. ಹೆಸರು ಕೇಳಿ ಭಟ್ಟರು ಒಂದು ಕ್ಷಣ ನನ್ನ ಮುಖ ನೋಡಿದರು.

"ಗೋತ್ರ?"

"ಗೊತ್ತಿಲ್ಲ ಭಟ್ರೇ. ಭಟ್ಕಳ ಅಂತ ಹೇಳಿ. ದೇವ್ರಿಗೆ ಗೊತ್ತಾಗ್ತದೆ."

ಅವರು ಹಾಗೆಯೇ ಹೇಳಿದರು.

ಈಗಲೂ ಪ್ರತಿ ಸೋಮವಾರ ಹೋಗುತ್ತೇನೆ. ಮಗಳ ಉಸಿರಿಗಾಗಿ ಕೈ ಮುಗಿಯುತ್ತೇನೆ. ಖಾಲಾಗೆ ಒಳ್ಳೆಯ ಜಾಗ ಕೊಡು, ಗಾಡಿಯಿದ್ದರೆ ಮುಂದಿನ ಸೀಟೇ ಕೊಡು ಎನ್ನುತ್ತೇನೆ. ಆಮೇಲೆ ಹುಂಡಿಯ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, ಅವರ ಪರವಾಗಿ ದೇವರಿಗೆ ನೆನಪು ಮಾಡುತ್ತೇನೆ: ಆ ಹೊನ್ನಾವರದವನು ಇನ್ನೂ ಬಂದಿಲ್ಲ.