ಅಕ್ಷರ ಮೂಡದ ಪರದೆ

ಡಿಲೀಟ್ ಒತ್ತಿ ಅಂತ ಅವರಿಗೆ ಹೇಳಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವತ್ತು ಇಷ್ಟು ಹೇಳಲು ನನಗೆ ಇಡೀ ದಿನ ಹಿಡಿಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಿದ್ದ ನವುಲೆಯಿಂದ ಸಿಟಿ ಬಸ್ಸು, ಆಮೇಲೆ ಭದ್ರಾವತಿ ಬಸ್ಸು ಹಿಡಿದು ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗಕ್ಕೆ ಹಂಗಾಮಿ ಕಂಪ್ಯೂಟರ್ ಆಪರೇಟರ್ ಆಗಿ ಹೋಗುತ್ತಿದ್ದೆ. ನಮಗಿದ್ದದ್ದು ಒಂದೇ ಟರ್ಮಿನಲ್: ಹಸಿರು ಅಕ್ಷರದ ಪರದೆ, ಒಂದು ಹಳೇ ಕೀಬೋರ್ಡ್. ನಿಜವಾದ ಕಂಪ್ಯೂಟರ್ ಎರಡು ಕಟ್ಟಡದಾಚೆ ಎಸಿ ಕೋಣೆಯಲ್ಲಿತ್ತು; ಅಲ್ಲಿಂದ ಇಲ್ಲಿಗೆ ಒಂದು ವೈರು. ಪಕ್ಕದ ಮೇಜಿನಲ್ಲಿ ನಮ್ಮ ಟೈಪಿಸ್ಟ್. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದವರು, ನಿವೃತ್ತಿಗೆ ಒಂಬತ್ತು ತಿಂಗಳು ಬಾಕಿ. ಟೈಪ್‌ರೈಟರ್‌ಗಳನ್ನೆಲ್ಲ ಎತ್ತಿಸಿಬಿಟ್ಟ ಸಾಹೇಬರು ಅವರಿಗೆ ಒಂದು ತಿಂಗಳ ಗಡುವು ಕೊಟ್ಟಿದ್ದರು. ಟರ್ಮಿನಲ್ ಕಲಿತರೆ ಸರಿ, ಇಲ್ಲದಿದ್ದರೆ ಲೋಡು ಎಣಿಸಲು ಧೂಳು ತುಂಬಿದ ಲಾರಿ ಯಾರ್ಡಿಗೆ. ಅವರಿಗೋ ಉಬ್ಬಸ. ಆ ಧೂಳಿನಲ್ಲಿ ಒಂದು ವಾರ ನಿಲ್ಲಿಸಿದ್ದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತಿತ್ತು.

ನಾನು ಹಠ ಹಿಡಿದು ಕಲಿಸಿದೆ. "ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಡಿಲೀಟ್ ಒತ್ತಿ ಸಾರ್, ಹೊರಗೆ ಬರ್ತೀರಿ" ಎಂದು ಭಾರಿ ಪಂಡಿತೆಯ ಹಾಗೆ ಹೇಳಿದ್ದೆ.

ಗಡುವಿನ ಕೊನೆಯ ದಿನ ಬೆಳಿಗ್ಗೆ ಅವರು ಸಿಕ್ಕಿಹಾಕಿಕೊಂಡರು, ಒತ್ತಿದರು. ಆ ಕಂಪ್ಯೂಟರಿನಲ್ಲಿ ಡಿಲೀಟ್ ಅಂದರೆ ಅಳಿಸುವ ಕೀ ಅಲ್ಲ, ಓಡುತ್ತಿರುವ ಪ್ರೋಗ್ರಾಮನ್ನೇ ನಿಲ್ಲಿಸುವ ಕೀ; ಸ್ಟಾಕ್ ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ಆಮೇಲೆ ಏನು ಟೈಪ್ ಮಾಡಿದರೂ ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಎಂಟರ್ ಒತ್ತಿದರೂ ಕದಲಲಿಲ್ಲ.

"ಇದೇನು ಮಾರಾಯ್ತಿ, ನಾನು ಇದನ್ನ ಕೊಂದೇಬಿಟ್ನಾ?" ಎಂದರು. ಮುಖ ಬಿಳಿಚಿಕೊಂಡಿತ್ತು.

ಟರ್ಮಿನಲ್ ಆಫ್ ಮಾಡಿ ಆನ್ ಮಾಡಿದೆವು. ವೈರು ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದೆವು. ಊಹೂಂ. ಅಷ್ಟರಲ್ಲಿ ಸಾಹೇಬರು ಬಂದರು.

"ಯಾರ್ರೀ ಹಾಳ್ಮಾಡಿದ್ದು?"

"ನಾನೇ ಸಾರ್" ಎಂದರು ಟೈಪಿಸ್ಟ್.

"ಆಯ್ತಲ್ಲ. ಸೋಮವಾರದಿಂದ ಯಾರ್ಡಿಗೆ ಹೋಗಿ. ಸಂಜೆ ಆರ್ಡರ್ ಕೊಡ್ತೀನಿ."

ನನ್ನ ಬಾಯಿ ಎಂಥದ್ದು ಅಂತ ಭದ್ರಾವತಿ ಬಸ್ಸಿಗೇ ಗೊತ್ತಿತ್ತು. ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವವರ ಜೊತೆ ದಿನಾ ಜಗಳ. ಅವತ್ತು ಆ ಬಾಯಿಗೆ ಏನು ಬಡಿದಿತ್ತೋ! ಕೆಲಸ ಹೋದೀತೆಂಬ ಹೆದರಿಕೆ, ಮತ್ತೇನಿಲ್ಲ. ಥೂ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಊಟಕ್ಕೆ ಹೋಗಲಿಲ್ಲ. ಎಸಿ ಕೋಣೆಯಿಂದ ಇಟ್ಟಿಗೆ ದಪ್ಪದ ಮ್ಯಾನ್ಯುಯಲ್ ತಂದು ಕೂತೆ. ಸಂಜೆಯೊಳಗೆ ಇದನ್ನು ಸರಿಮಾಡದೆ ಏಳಬಾರದು ಅಂತ ತೀರ್ಮಾನಿಸಿದ್ದೆ. ಮೂರು ಗಂಟೆ ಹೊತ್ತಿಗೆ ಸಿಕ್ಕಿತು. ನಾವು ಒತ್ತಿದ ಅಕ್ಷರ ತೋರಿಸುವ ಕೆಲಸವನ್ನು ಪ್ರೋಗ್ರಾಂ ತಾನು ಓಡುವಷ್ಟು ಹೊತ್ತು ತಾನೇ ವಹಿಸಿಕೊಂಡಿರುತ್ತದೆ, ಮುಗಿದಾಗ ವಾಪಸು ಕೊಡುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಕೊಡುವುದಿಲ್ಲ, ಅಂಗಡಿಯ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋದ ಗುಮಾಸ್ತನ ಹಾಗೆ. ಆ ಸೆಟ್ಟಿಂಗ್ ಇರುವುದು ದೂರದ ಕಂಪ್ಯೂಟರಿನಲ್ಲಿ, ಹಾಗಾಗಿ ಇಲ್ಲಿ ಟರ್ಮಿನಲ್ ನೂರು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ಆದರೆ ನಾವು ಹೊಡೆದದ್ದು ಕಾಣದಿದ್ದರೂ ಅಲ್ಲಿಗೆ ತಲುಪುತ್ತಿರುತ್ತದೆ! 'ಎಸ್‌ಟಿಟಿವೈ ಸೇನ್' ಎಂಬ ಪುಟ್ಟ ಕಮ್ಯಾಂಡ್ ಹೊಡೆದು, ಎಂಟರ್ ಬದಲು ಕಂಟ್ರೋಲ್ ಹಿಡಿದು ಜೆ ಒತ್ತಬೇಕು, ಅಷ್ಟೇ.

ಅಷ್ಟೇ ಅಂದರೆ ಆಯಿತೇ? ಆ ಕೀಬೋರ್ಡಿನಲ್ಲಿ ಎಸ್ಸು, ಟೀ, ಎ, ಇ ಎಲ್ಲ ಸವೆದು ಬೋಳಾಗಿದ್ದವು. ನಾನು ಎರಡು ಬೆರಳಿನವಳು, ಪರದೆಯ ಮೇಲೆ ಅಕ್ಷರ ನೋಡಿಕೊಂಡೇ ಮುಂದೆ ಹೋಗುವವಳು. ಒಂದು ಸಲ ಹೊಡೆದೆ: ಅಂಥ ಕಮ್ಯಾಂಡ್ ಇಲ್ಲ ಅಂತ ಬಂತು. ಇನ್ನೊಂದು ಸಲ, ಮತ್ತೊಂದು ಸಲ, ಅದೇ ಉತ್ತರ. ಆ ಉತ್ತರದ ಸಾಲುಗಳು ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಕೊಂಡು ಹೋದವು. ಸಿಟ್ಟಿಗೆ ಮೇಜು ಗುದ್ದಿದೆ.

"ಏಳು, ಏಳು. ಒಂದೊಂದೇ ಅಕ್ಷರ ಹೇಳು ನೀನು" ಎಂದು ಟೈಪಿಸ್ಟ್ ನನ್ನನ್ನು ಎಬ್ಬಿಸಿ ಕೂತರು. "ನಮ್ಮ ಟೈಪಿಂಗ್ ಕ್ಲಾಸಲ್ಲಿ ಕೀ ನೋಡಿದ್ರೆ ಸ್ಕೇಲಲ್ಲಿ ಬೀಳ್ತಿತ್ತು."

ಅವರ ಕಣ್ಣು ಎದುರಿನ ಗೋಡೆಯ ಮೇಲಿತ್ತು. ನಾನು ಹೇಳುತ್ತ ಹೋದೆ, ಅವರು ಹೊಡೆದರು, ಕಂಟ್ರೋಲ್ ಜೆ ಒತ್ತಿದರು. ಕರ್ಸರ್ ಎಡಕ್ಕೆ ಬಂದು ನಿಂತಿತು. ಅನುಮಾನದಿಂದಲೇ ಒಂದು ಎ ಒತ್ತಿದರು. ಎ ಮೂಡಿತು! ನಾನು ಕಿರುಚಿದ್ದಕ್ಕೆ ಪಕ್ಕದ ವಿಭಾಗದವರೆಲ್ಲ ಎದ್ದು ಬಂದರು. ಅವರ ಹಿಂದೆಯೇ ಸಾಹೇಬರು, ಆರ್ಡರ್ ಹಿಡಿದುಕೊಂಡು.

"ಯಾರು ಸರಿಮಾಡಿದ್ದು?"

"ಇವರೇ ಸಾರ್" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಕೆಟ್ಟಿದ್ದು ಮಾತ್ರ ನನ್ನಿಂದ. ಡಿಲೀಟ್ ಒತ್ತಿ ಅಂತ ಕಲಿಸಿದ್ದು ನಾನು. ಬೆಳಿಗ್ಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ಆರ್ಡರಿನಲ್ಲಿದ್ದ ಹೆಸರಿನ ಮೇಲೆ ಗೀಟು ಎಳೆದು ನನ್ನ ಹೆಸರು ಬರೆದರು.

"ಯಾರ್ಡಿಗೆ ಒಬ್ರು ಬೇಕೇ ಬೇಕಮ್ಮ. ಸೋಮವಾರದಿಂದ ನೀವು ಹೋಗಿ."

ಟೈಪಿಸ್ಟ್ ಬಸ್ ಸ್ಟ್ಯಾಂಡಿನವರೆಗೂ ನನ್ನ ಹಿಂದೆಯೇ ಬಂದರು. ಏದುಸಿರು ಬಿಡುತ್ತಿದ್ದರು. "ಎಂಟೇ ತಿಂಗಳು ಮಾರಾಯ್ತಿ, ಹೇಗೋ ಕಳೀತೀನಿ. ನಾನೇ ಹೋಗ್ತೀನಿ ಅಂತ ಸಾಹೇಬರಿಗೆ ಹೇಳ್ತೀನಿ."

"ಹೇಳಿ ನೋಡಿ!" ಎಂದು ಗದರಿದೆ. "ಆ ಕುರ್ಚಿ ಬಿಟ್ಟು ಎದ್ರೋ, ನಿಮ್ಮ ಮನೆಗೇ ಬಂದು ಜಗಳ ಆಡ್ತೀನಿ."

ಸೋಮವಾರ ಮೂಗಿಗೆ ವೇಲ್ ಸುತ್ತಿಕೊಂಡು ಯಾರ್ಡಿನಲ್ಲಿ ನಿಂತೆ. ಮೊದಲ ಲಾರಿ ಎಬ್ಬಿಸಿದ ಧೂಳಿಗೇ ಕೆಮ್ಮು ಒತ್ತರಿಸಿಕೊಂಡು ಬಂತು. ಎಂಟು ತಿಂಗಳು ಕೆಮ್ಮಿಕೊಂಡೇ ನಿಂತೆ. ಅವರು ಆ ಕುರ್ಚಿಯಲ್ಲೇ ಕೂತು ನಿವೃತ್ತರಾದರು.